ನೀರು: ನಿಲ್

ಹತ್ತೊಂಬತ್ತು ವರ್ಷ, ಬೆಳಿಗ್ಗೆ ಆರಕ್ಕೆ
ಹಿತ್ತಾಳೆ ಕೋಲಿನ ತುದಿಗೆ ಬೆರಳಷ್ಟು ಪೇಸ್ಟು ಸವರಿ
ಟಾಕಿಯ ಬಾಯೊಳಗೆ ಇಳಿಬಿಟ್ಟವಳು ನಾನು.
ಡೀಸೆಲ್ಲು ತಾಗಿದರೆ ಪೇಸ್ಟು ಇದ್ದ ಹಾಗೇ.
ನೀರು ತಾಗಿದರೆ ಕೆಂಪು.
ಕೆಂಪಾದ ದಿನ ವೆರ್ಣೇಕರ್ ಮಾಮನ ಮುಖವೂ ಅದೇ ಬಣ್ಣ:
‘ದ್ವಾರಕಾ, ಮುಚ್ಚಳ ಸಡಿಲ ಬಿಟ್ಟದ್ದು ಯಾರು?’
ರಿಜಿಸ್ಟರಿನಲ್ಲಿ ಅದಕ್ಕೇ ಒಂದು ಕಾಲಂ. ತಲೆಬರಹ: ನೀರು.
ಅದರ ಕೆಳಗೆ ಪುಟಗಟ್ಟಲೆ ನನ್ನ ಅಕ್ಷರ
ನಿಲ್, ನಿಲ್, ನಿಲ್.
ಹಾಗಂದರೆ ಇಂಗ್ಲಿಷಿನಲ್ಲಿ ‘ಇಲ್ಲ’ ಎಂದು ಕಲಿಸಿದ್ದೂ ಮಾಮನೇ.

ಆಮೇಲೆ ಹೆದ್ದಾರಿ ಅಗಲವಾಯಿತು.
ಪಂಪು ಹೋದವು, ಹವಾ ಹಾಕುವ ಯಂತ್ರ ಹೋಯಿತು,
ನನ್ನ ಕುರ್ಚಿಯ ಜಾಗದಲ್ಲಿ ಈಗ ಲಾರಿ ಓಡುತ್ತವೆ.
ಉಳಿದದ್ದು ತಗಡಿನ ಅರ್ಧ ಮಾಡು,
ನೆಲದಡಿ ಹನ್ನೆರಡು ಸಾವಿರ ಲೀಟರಿನ ಹೊಟ್ಟೆ.
‘ನಿನ್ನ ಲೆಕ್ಕ ಇದರಲ್ಲೇ ಚುಕ್ತಾ, ಬಾಯ್’ ಅಂದರು ಮಾಮ.

ಖಾಲಿ ಟಾಕಿ ಸುಮ್ಮನೆ ಮಲಗಿರುವುದಿಲ್ಲ.
ಅಮದಳ್ಳಿಯ ಮರಳು ನೆಲ, ಆಷಾಢ,
ಮೊಳ ತೋಡಿದರೆ ನೀರು ಬರುವ ಕಾಲ.
ಒಂದು ರಾತ್ರಿ ಏನೋ ಮುರಿದ ಸದ್ದು.
ಬೆಳಿಗ್ಗೆ ನೋಡಿದರೆ ಸಿಮೆಂಟು ಬಿರಿದು
ಉಸಿರಿಗೆಂದು ಮೇಲೆ ಬಂದ ದೊಡ್ಡ ಮೀನಿನ ಹಾಗೆ
ಗೇಣುದ್ದ ಬೆನ್ನು ತೋರಿಸುತ್ತಿದೆ.
‘ತುಂಬಿದ ಕೊಡ ತುಳುಕುವುದಿಲ್ಲ ಅಂತಾರಲ್ಲ,
ತುಂಬಿದ ಟಾಕಿ ಏಳುವುದಿಲ್ಲ.
ಏನಾದರೂ ತುಂಬು ಮಾರಾಯ್ತಿ’
ಅಂದ ವೆಲ್ಡಿಂಗಿನ ಮಿಂಗೇಲ.
ನನ್ನ ಹತ್ತಿರ ತುಂಬಲು ಇದ್ದದ್ದು ಮಳೆ.

ಚಳಿಗಾಲದಲ್ಲಿ ಮರಳು ಬಗೆದು ಮತ್ತೆ ಕೂರಿಸಿದೆವು.
ಸವಳು ಬಾವಿಯ ನೀರು ಕಂಠಮಟ್ಟ ತುಂಬಿ, ಖಾಲಿ ಮಾಡಿ,
ಬೈತಖೋಲದ ಐಸ್ ಫ್ಯಾಕ್ಟರಿಯ ಫ್ಯಾನು
ಮೂರು ಹಗಲು ಮೂರು ರಾತ್ರಿ.
‘ಗ್ಯಾಸು ಕಣ್ಣಿಗೆ ಕಾಣುವುದಿಲ್ಲ, ಕಿಡಿಗೆ ಕಾಣುತ್ತದೆ’
ಎಂದವನು ಬೀಡಿ ಕಟ್ಟನ್ನು ನನ್ನ ಕೈಗೆ ಕೊಟ್ಟ.
ಪಕ್ಕದ ಗೂಡಂಗಡಿಯ ಒಲೆಯನ್ನೂ ಆರಿಸಿಸಿದೆವು;
ಅವನಿಗೆ ಇಂದಿಗೂ ನನ್ನ ಮೇಲೆ ಮುನಿಸು.

ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ.
ಒಂದು ಸಲ ಎಳೆದರೆ ಪರವಾಗಿಲ್ಲ,
ಎರಡು ಸಲ ಎಳೆದರೆ ಎತ್ತು.
ಕಬ್ಬಿಣ ಬೇಡವೆಂದು ದೋಣಿಯ ಮುರುಕು ಹುಟ್ಟಿನಿಂದ
ಕೆರೆದ, ಕೆರೆದ. ಒಳಗಿಂದ ಅವನ ಕೆಮ್ಮು
ಇಗರ್ಜಿಯಲ್ಲಿ ಕೆಮ್ಮಿದಂತೆ ದೊಡ್ಡದಾಗಿ ಬರುತ್ತಿತ್ತು.
ಮರದ ಪುಡಿ, ಅಂಟುವಾಳದ ನೊರೆ, ಕಪ್ಪು ರಾಡಿ ಎರಡು ಬ್ಯಾರಲ್ಲು,
ರಾಡಿಯೊಳಗೆ, ನೋಡಿ, ಅಳತೆಕೋಲಿನ ಹಿತ್ತಾಳೆ ತುದಿ!
ಅದು ಕಳಚಿ ಬಿದ್ದ ತಿಂಗಳು
ನನ್ನ ಪಗಾರದಲ್ಲಿ ಎಂಬತ್ತೈದು ರೂಪಾಯಿ ಮುರಿದಿದ್ದರು.

ಮಿರಗದ ಮಳೆ ಬಂತು.
ಹನಿಯೂ ಒಳಗೆ ಬೀಳದಿರಲೆಂದು ಹಾಕಿದ್ದ ಮಾಡಿನಿಂದಲೇ
ಪೈಪು ಇಳಿಸಿದೆ. ಮೊದಲೆರಡು ದಿನದ ನೀರು ಗಟಾರಕ್ಕೆ.
ಮೂರನೆಯ ದಿನ, ಟ್ಯಾಂಕರು ಬಾಯಿಟ್ಟು ಸುರಿಯುತ್ತಿದ್ದಲ್ಲಿ
ಮಾಡು ಸುರಿಯಿತು.

ವಾಸನೆ ಪೂರ್ತಿ ಹೋಗಿಲ್ಲ. ಹೋಗುವುದೂ ಇಲ್ಲ.
‘ಕುಡಿಯಬೇಡಿ’ ಎಂದು ಬಣ್ಣದಲ್ಲಿ ಬರೆಸಿದ್ದೇನೆ.
ತೋಡೂರಿನಿಂದ ಮೀನಿನ ಆಟೋಗಳು ಬರುತ್ತವೆ ತೊಳೆಸಲು.
ಸವಳು ನೀರಿಗೆ ಅವುಗಳ ಹೊಟ್ಟೆ ತೂತು ಬೀಳುತ್ತಿತ್ತು.
ಒಂದಕ್ಕೆ ಐವತ್ತು ರೂಪಾಯಿ.
ರಾತ್ರಿ ಕೆಲವೊಮ್ಮೆ ಕೇರಳದ ಲಾರಿ ನಿಲ್ಲಿಸಿ
ಡೀಸೆಲ್ ಕೇಳುತ್ತಾರೆ. ಕೈ ಆಡಿಸುತ್ತೇನೆ.

ಮೊನ್ನೆ ಹಳೇ ಡಬ್ಬಿಯ ತಳದಲ್ಲಿ ಒಂಚೂರು ಪೇಸ್ಟು ಸಿಕ್ಕಿತು.
ಕೋಲಿಗೆ ಉದ್ದಕ್ಕೂ ಬಳಿದು ಇಳಿಬಿಟ್ಟೆ.
ಮೇಲೆ ಬಂತು ಕೆಂಪು, ಕೆಂಪು, ಇನ್ನೂ ಕೆಂಪು,
ನನ್ನ ಎದೆಮಟ್ಟ.
ಬೈಯುವವರು ಯಾರೂ ಇರಲಿಲ್ಲ.

ರಿಜಿಸ್ಟರು ತೆಗೆದೆ. ಅದೇ ಕಾಲಂ.
ಕೈ ತನ್ನ ಪಾಡಿಗೆ ತಾನು ಬರೆದುಬಿಟ್ಟಿತು
ನಿಲ್.
ಹೊಡೆದು ಹಾಕಲು ಪೆನ್ನು ಎತ್ತಿದವಳು
ಪಕ್ಕದಲ್ಲಿ ‘೧೦೪ ಸೆಂ.ಮೀ.’ ಎಂದಷ್ಟೇ ಸೇರಿಸಿದೆ.
ನೀರು, ನಿಲ್.
ಹಾಗೇ ಇರಲಿ,
ಸಂಕ್ರಾಂತಿಯವರೆಗಾದರೂ.