ಅರ್ಧ ನಂಬರು

ಮಾಂಗ್ ಕಾಕ್‌ನ ಈ ಮಹಡಿ ಅಂಗಡಿಗೆ
ಹತ್ತೊಂಬತ್ತು ಮೆಟ್ಟಿಲು. ಲಿಫ್ಟ್ ಇಲ್ಲ.
ಒಳ್ಳೆಯದೇ ಆಯಿತು.
ಗಿರಾಕಿಯ ಮುಖ ಕಾಣುವ ಮೊದಲೇ
ಹೆಜ್ಜೆಯ ಸದ್ದು ನನಗೆ ಅರ್ಧ ಹೇಳಿರುತ್ತದೆ.

ಆ ಬುಧವಾರ ಕೇಳಿಸಿದ್ದು ಎರಡೆರಡು ಸದ್ದು:
ಕಾಲು ಊರಿದ್ದು ಒಂದು,
ಹಿಂದೆಯೇ, ಕೊಂಚ ತಡವಾಗಿ,
ಬೂಟು ಊರಿದ್ದು ಇನ್ನೊಂದು.
ಯಾರದೋ ಮೆಟ್ಟು ಮೆಟ್ಟಿ ಯಾರೋ ಬರುತ್ತಿದ್ದಾರೆ ಅಂದುಕೊಂಡೆ.

ಬಂದವಳು ನೆನಿತಾ. ಹೆಸರು ಆಮೇಲೆ, ರಸೀದಿ ಬರೆಯುವಾಗ ತಿಳಿದದ್ದು.
ಕೈಯಲ್ಲಿ ಮಾರ್ಕೆಟ್ಟಿನ ಚೀಲ,
ಚೀಲದೊಳಗೆ ಇನ್ನೂ ಬಾಲ ಬಡಿಯುವ ಮೀನು.
‘ನಲವತ್ತು ನಿಮಿಷ ಇದೆ. ಮಗುವಿನ ಶಾಲೆ ಬಿಡುತ್ತದೆ.
ಒಂದೇ ಜೊತೆ ಬೇಕು.
ಆರು ದಿನ ಊರಿಗೆ, ಭಾನುವಾರ ಬೆಟ್ಟಕ್ಕೆ.’

ನಂಬರು ಕೇಳಿದೆ.
‘ಮೂವತ್ತೊಂಬತ್ತು’ ಅಂದಳು.
ಅದು ಅವಳ ಮೇಡಮ್ಮಿನ ಪಾದ.
ತುದಿಗೆ ಹತ್ತಿ ತುರುಕಿಕೊಂಡು
ಎಂಟು ವರ್ಷ ಅದರಲ್ಲೇ ನಡೆದಿದ್ದಾಳೆ.
ಆ ಮನೆಯ ಮುದುಕಿಯ ಪಾದವಾದರೆ ಬಾಯಿಪಾಠ:
ಎಡಗಾಲಿನ ಆಣಿ, ಒಳಕ್ಕೆ ಬೆಳೆಯುವ ಉಗುರು,
ರಾತ್ರಿ ಬಿಸಿನೀರಲ್ಲಿ ಎಷ್ಟು ಹೊತ್ತು ನೆನೆಯಬೇಕು,
ಎಲ್ಲಿ ಮುಟ್ಟಿದರೆ ಬೈಯುತ್ತಾಳೆ, ಎಲ್ಲಿ ಒತ್ತಿದರೆ ನಿದ್ದೆ ಹೋಗುತ್ತಾಳೆ.
ತನ್ನದು ಗೊತ್ತಿಲ್ಲ.

ಅಳತೆಯ ತಗಡು ತಣ್ಣಗಿತ್ತು. ಬೆರಳು ಮುದುರಿಕೊಂಡಳು.
ಮೂವತ್ತಾರೂವರೆ.
‘ಇನ್ನೊಂದು ಸಲ ನೋಡಿ’ ಅಂದಳು,
ಡಾಕ್ಟರ ಹತ್ತಿರ ಕೇಳುವಂತೆ.
ಮೂವತ್ತಾರೂವರೆಯೇ.

ಮೊದಲು ಅವಳು ಎತ್ತಿಕೊಂಡದ್ದು
ಕಿಟಕಿಯಲ್ಲಿದ್ದ ದಪ್ಪ ಅಟ್ಟೆಯ ಜೊತೆ.
ಹಿಮ್ಮಡಿ ಇಟ್ಟೊಡನೆ ಹುದುಗಿ ಹೋಯಿತು.
ಕಣ್ಣು ಮುಚ್ಚಿದಳು. ಎಲ್ಲರೂ ಮುಚ್ಚುತ್ತಾರೆ.
ಬೇಡ ಅಂದೆ. ಮಾರಿದ್ದರೆ ನನಗೆ ಇನ್ನೂರು ಡಾಲರ್ ಲಾಭ, ಇರಲಿ.
ಬನ್ನಿನ ಹಾಗಿರುವುದು ಬನ್ನಿನ ಹಾಗೇ ಒಣಗುತ್ತದೆ, ಅಮ್ಮಾ,
ಮೂರು ತಿಂಗಳಿಗೆ ಚಪ್ಪಟೆ.
ಮತ್ತೆ ಒದ್ದೆ ಬಂಡೆಯ ಮೇಲೆ ಮೆತ್ತನೆಯದು ಪಕ್ಕಕ್ಕೆ ಜಾರುತ್ತದೆ,
ನಿನ್ನ ಗೆಣ್ಣನ್ನೂ ಎಳೆದುಕೊಂಡು.
ಹೆಬ್ಬೆರಳಲ್ಲಿ ಒತ್ತಿ ನೋಡು: ಒಳಗೆ ಹೋಗಬೇಕು,
ಹೋದದ್ದು ವಾಪಸು ಬರಬೇಕು.

ಅವಳು ಒತ್ತಿದಳು. ಮೀನು ಕೊಳ್ಳುವ ಕೈ.
ಒಂದನ್ನು ಬಿಟ್ಟಳು, ಇನ್ನೊಂದನ್ನು ಬಿಟ್ಟಳು,
ಹಿಮ್ಮಡಿಗೂ ಗೆಣ್ಣಿಗೂ ಪಟ್ಟಿಯಿದ್ದ
ಒಂದು ಮಂಕು ಹಸಿರನ್ನು ಮತ್ತೆ ಮತ್ತೆ ಒತ್ತಿದಳು.

ಆದರೆ ಅರ್ಧ ನಂಬರನ್ನು ಆ ಕಂಪನಿ ಮಾಡುವುದಿಲ್ಲ.
ಮೂವತ್ತಾರು ಊರಿಗೆ ಸರಿ.
ಇಳಿಜಾರಿನಲ್ಲಿ ಪಾದ ಊದುತ್ತದೆ, ಬೆರಳು ಮುಂದಕ್ಕೆ ಓಡುತ್ತದೆ,
ಬೆಟ್ಟಕ್ಕೆ ಮೂವತ್ತೇಳು.
ಇಪ್ಪತ್ತಾರು ವರ್ಷ ಇಲ್ಲಿ ಕೂತಿದ್ದೇನೆ,
ಆದರೂ ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ಅವಳು ಎಡಗಾಲಿಗೆ ಒಂದು, ಬಲಗಾಲಿಗೆ ಒಂದು ಹಾಕಿಕೊಂಡು
ನನ್ನ ಮೆಟ್ಟಿಲು ಇಳಿದಳು, ಹತ್ತಿದಳು,
ಅದಲು ಬದಲು ಮಾಡಿ ಮತ್ತೆ ಇಳಿದಳು.
ನಾನು ಮೇಲೆ, ಮೀನಿಗೆ ಕಾವಲು.
ಏಳನೆಯ ಸಲ ಕಿವಿಗೆ ಬಿದ್ದದ್ದು
ಒಂದೇ ಸದ್ದು.

‘ಮೂವತ್ತೇಳು’ ಅಂದಳು ಏದುಸಿರಿನಲ್ಲಿ.
‘ಊರಲ್ಲಿ ಪಟ್ಟಿ ಬಿಗಿ ಮಾಡುತ್ತೇನೆ.’
ಆಮೇಲೆ ಐನೂರ ಇಪ್ಪತ್ತರಿಂದ ಶುರುಮಾಡಿ
ನಾನೂರ ಹತ್ತಕ್ಕೆ ನನ್ನನ್ನು ಇಳಿಸಿದಳು.
ಹಳೆಯ ಬೂಟು ಕಸಕ್ಕೆ ಹಾಕಲೇ ಅಂದರೆ
ಬೇಡ, ಮೇಡಂ ಕೇಳಬಹುದು, ಅಂದಳು.
ಹತ್ತಿಯನ್ನು ಮಾತ್ರ ಕಿತ್ತು ನನ್ನ ಬುಟ್ಟಿಗೆ ಹಾಕಿದಳು.

ಎರಡು ತಿಂಗಳಾದ ಮೇಲೆ ಮತ್ತೆ ಬಂದಳು,
ಗೆಳತಿ ಎರ್ಲಿಂಡಾಳ ಕಾಲು ತೋರಿಸಲು.
ನೆನಿತಾಳ ಜೊತೆಯನ್ನು ತಿರುಗಿಸಿ ನೋಡಿದೆ, ಕಸುಬಿನ ಚಟ.
ಅಂಚಿನಲ್ಲಿ ಮಾರ್ಕೆಟ್ಟಿನ ಮೀನಿನ ಪೊರೆ ಒಂದು,
ಅಟ್ಟೆಯ ಗೀರುಗಳಲ್ಲಿ ಲಾಂಟಾವ್ ಬೆಟ್ಟದ ಕೆಂಪು ಮಣ್ಣು,
ಮಣ್ಣಲ್ಲಿ ಒತ್ತಿಹೋದ ಒಂದು ಸಣ್ಣ ಎಲೆ.
ಉಗುರಲ್ಲಿ ಬಿಡಿಸಿ ಇದು ಯಾವ ಗಿಡ ಅಂತ ಕೇಳಿದೆ.

ಅವಳು ನನ್ನ ಕಾಲು ನೋಡಿದಳು,
ಕುರ್ಚಿಯ ಕೆಳಗಿದ್ದ ನನ್ನ ನೀಲಿ ಪ್ಲಾಸ್ಟಿಕ್ ಚಪ್ಪಲಿ.
‘ಲಾವ್ ಸಾರ್,’ ಅಂದಳು,
‘ನಿಮ್ಮ ನಂಬರು ಎಷ್ಟು?’