ಸೈಕಲ್ ಸ್ಟ್ಯಾಂಡಿನ ಶಿಫಾರಸು

ಈ ಸಲ ಯಾವ ನಾಟಕ ನೋಡಬೇಕಂತ
ಗಾಡಿ ಹಚ್ಚೂ ಮುಂದ ಮಂದಿ ನನ್ನ ಕೇಳ್ತಾರ್ರಿ.
ಬೋರ್ಡಿನ ಮ್ಯಾಲ ಬಹುಮಾನದ ಪಟ್ಟಿ ಐತಿ,
ಓದಿದ ಮ್ಯಾಲೂ ಕೇಳ್ತಾರ.
ಸೊಲ್ಲಾಪುರದ ಮಂದಿ; ಚಾದರ ಕೊಳ್ಳೂವಾಗೂ
ಅಂಚು ತಿಕ್ಕಿ ನೋಡೂತನಕ ನಂಬೂದಿಲ್ಲ.

ಹದಿನೆಂಟು ವರ್ಷ ಆತು,
ನಾಟ್ಯಗೃಹದ ಹಿಂದಿನ ಗ್ವಾಡಿ, ತಗಡಿನ ಮಾಡ, ಮುರುಕ ಸ್ಟೂಲು,
ಮ್ಯಾಲ ನಾನು, ಮಹಾನಂದಾ ಬಿರಾಜದಾರ.
ಒಳಗ ಹೋದಾಕಿ ಅಲ್ಲ. ಗಾಡಿ ಬಿಟ್ಟು ಹ್ಯಾಂಗ ಹೋಗ್ಲಿ?
ಮೂರನೇ ಗಂಟಿ ಆದ ಮ್ಯಾಲ ಗ್ವಾಡಿಗೆ ಬೆನ್ನು ಹಚ್ಚಿ ಕೂಡತೀನಿ.
ಮಾತು ಅರ್ಧಾ ಬರತಾವ, ಉಳದರ್ಧಾ ಇಟ್ಟಂಗಿ ತಿಂತಾವ,
ಮರಾಠಿ ಆಗ್ಲಿ, ತೆಲುಗು ಆಗ್ಲಿ, ನಮ್ಮದಾಗ್ಲಿ.
ಕೆಮ್ಮು ಮಾತ್ರ ಪೂರಾ ದಾಟಿ ಬರತೈತಿ.
ಕೆಮ್ಮು ಹೆಚ್ಚಾತಂದ್ರ ನಾಟಕ ಬಿತ್ತು.

ಪುಣೇದಾಗ ಐದು ಬಹುಮಾನ ಹೊಡಕೊಂಡು ಬಂತಲ್ಲ
‘ಉಪ್ಪಿನ ಅರಮನಿ’, ಲಾರಿ ತುಂಬ ಸೆಟ್ಟು,
ಇಂಟರ್‌ವಲ್ಲಿಗೇ ಇಪ್ಪತ್ತಾರು ಟೋಕನ್ ವಾಪಸ್.
ಕಡೀತನಕ ಕುಂತವರು ಕಿಕ್ ಹೊಡದದ್ದು
ನಾಟಕ ಬರದವಗ ಒದ್ದಂಗ.
ಲೈಟಿಂಗ್ ಛಲೋ ಇತ್ತಂತ.

‘ಸಂಗೀತ ಕರ್ಣಫೂಲ’ಕ್ಕ ಹೋಗ್ರಿ.
ಅರವತ್ತು ದಾಟಿದಾಕಿ ಹದಿನಾರರ ಪಾರ್ಟು ಮಾಡ್ತಾಳ.
ಆಕಿ ಮೇಕಪ್ ಖೋಲಿ ಕಿಟಕಿ ನನ್ನ ಕಡೇನ;
ಬಿಸಿನೀರು ಬೇಡ್ತಾಳ, ಉಪ್ಪು ಹಾಕಿ ಕೊಡತೀನಿ.
ದಿಲ್ಲಿಯಿಂದ ಬಂದ ಸನ್ಮಾನದ ಶಾಲು
ಕುರ್ಚಿಗೆ ಮಡಚಿ ಹಾಕ್ಯಾಳ, ಸೊಂಟನೋವಿಗೆ.
ಮ್ಯಾಲಿನ ಷಡ್ಜ ಹಿಡದ್ಲಂದ್ರ
ನನ್ನ ತಗಡು ಗುಂಯ್ ಅಂತೈತಿ.
ಒಳಗ ವನ್ಸ್ ಮೋರ್ ಅಂತಾರ.
ಎರಡನೇ ಸಲಾನೂ ಗುಂಯ್.
ಇನ್ನೆಷ್ಟು ಹಂಗಾಮು ಹಾಡ್ತಾಳೋ, ಹೋಗಿ ಬರ್ರಿ.

ಆದ್ರ ನಾ ಒಳಗ ಕುಂತು ನೋಡಿದ್ದು ಒಂದ.

ಜೋಡಭಾವಿ ಪೇಟಿ ಹುಡುಗರದು, ನಮ್ಮ ಕನ್ನಡದ್ದು,
‘ಬಾಗಿಲಿಗೆ ಯಾರು’.
ಹಗಲೆಲ್ಲಾ ಮಗ್ಗದ ಸಪ್ಪಳದಾಗ ದುಡಿಯೂ ಹುಡುಗರು,
ಸಂಜಿಗೆ ನನ್ನ ತಗಡಿನ ಬುಡಕ ಮಾತು ಬಾಯಿಪಾಠ ಮಾಡ್ತಿದ್ರು.
ಸ್ಪರ್ಧಾ ದಿನ ರೇವಣಸಿದ್ಧ ಪಾಸು ತಂದು ಕೊಟ್ಟ:
“ಅಕ್ಕಾ, ಇವತ್ತರ ಒಳಗ ಬಾ.”
ಚಾದ ಮೌಲಾಲಿಗೆ ಸ್ಟ್ಯಾಂಡು ಒಪ್ಪಿಸಿ ಹೋದೆ.

ಕುರ್ಚಿಗೂ ನಂಬರ ಇರತಾವಂತ ಅವತ್ತ ಗೊತ್ತಾತು.
ನಂದು ನಲವತ್ತೊಂದು.
ನನ್ನ ನಲವತ್ತೊಂದರ ಟೋಕನ್ನಿನ ಮೂಲಿ ಮುರದೈತಿ.

ಮೂರನೇ ದೃಶ್ಯ. ಒಂದು ದೀಪ, ಒಂದು ಚಿಲಕ.
ಇರಾವತಿ ಒಬ್ಬಾಕೀನ ನಿಂತಾಳ.
ಮಾತಿಲ್ಲ. ಎಷ್ಟು ಹೊತ್ತು ಅಂತೀರಿ,
ನನಗ ನನ್ನ ಬಳಿ ಸಪ್ಪಳ ನಾಚಿಕಿ ಬಂತು.
ಅಷ್ಟರಾಗ ಹೊರಗ
ಢಣ್,
ಢಣ್ ಢಣ್, ಒಂದರ ಮ್ಯಾಲೊಂದು,
ಕಡೀಗೆ ಹಾಲಿನ ಕ್ಯಾನು ಉರುಳಿ ಉರುಳಿ
ನಿಂತದ್ದು.

ಎಣಿಸಿದೆ. ಹನ್ನೊಂದು ಗಾಡಿ.
ಮೊದಲಿಂದು ಡಾಕ್ಟರರ ಸ್ಕೂಟರು, ಕಡೀದು ಗವಳಿ ಸೈಕಲ್ಲು.
ಏಳಬೇಕಂದೆ.
ಏಳಲಿಲ್ಲ.
ಇರಾವತಿ ಬಾಗಿಲ ಕಡೆ ತಿರುಗಿ
ಬರಹದಾಗ ಇಲ್ಲದ್ದೊಂದು ಮಾತು ಅಂದ್ಲು:
“ಬಂದ್ರು ಕಾಣಸ್ತೈತಿ.”
ಇಡೀ ಥೇಟರಿನಾಗ ಒಂದು ಕೆಮ್ಮಿಲ್ಲ.

ನಾಟಕಕ್ಕ ಉತ್ತೇಜನಾರ್ಥ.
ಧ್ವನಿ ಸಂಯೋಜನೆಗೆ ಪ್ರಥಮ.
ಓದಿ ಹೇಳಿದಾಗ ರೇವಣಸಿದ್ಧ ನನ್ನ ಮುಖಾ ನೋಡಲಿಲ್ಲ.
ಒಡದ ಹೆಡ್‌ಲೈಟಿಗೆ ರೊಕ್ಕ ನಾ ಕೊಟ್ಟೆ;
ಮೌಲಾಲಿ ಎಂಟು ದಿನ ಚಾ ಪುಕ್ಕಟೆ ತಂದ.

ಈಗ ಊರೂರಿಗೆ ಒಯ್ಯಾಕತ್ತ್ಯಾರ, ಜತ್ತ, ಅಕ್ಕಲಕೋಟಿ, ಇಂಡಿ.
ಸಪ್ಪಳ ರೆಕಾರ್ಡ್ ಮಾಡಿಸ್ಯಾರ.
ಕ್ಯಾನು ಅದರಾಗ ಲಗೂನ ನಿಂತು ಬಿಡತೈತಿ.
ಹೇಳೀನಿ, ಇನ್ನಾ ತಿದ್ದಿಲ್ಲ.
ಅಂದ್ರೂ ನೋಡ್ರಿ.
ನಾಳೆ ಇಲ್ಲೇ ಐತಿ, ಶೇಂಗಾ ಒಯ್ಯಬ್ಯಾಡ್ರಿ ಒಳಗ.

ಇಲ್ಲಲ್ಲ, ಆ ಕಡೆ ಹಚ್ಚರಿ ಗಾಡಿ,
ಸ್ಟ್ಯಾಂಡು ಪೂರಾ ತುಳೀರಿ.
ಹೋಗ್ರಿ ಲಗೂ, ಎರಡು ಗಂಟಿ ಆಗ್ಯಾವ.