ಎರಡೂವರೆ ಕ್ಲೋರಿನ್

ಚಿಯಾತುರಾದಲ್ಲಿ ಆ ಚಳಿಗಾಲ ಕರೆಂಟು
ದಿನಕ್ಕೆ ಮೂರು ಗಂಟೆ ಬರುತ್ತಿತ್ತು, ಯಾವ ಮೂರು
ಎಂದು ಯಾರೂ ಹೇಳುತ್ತಿರಲಿಲ್ಲ.
ಬಂದಾಗ ಅಜ್ಜಿ ನೂತ್ಸಾ ಇಸ್ತ್ರಿಪೆಟ್ಟಿಗೆಗೆ ಓಡುವಳು,
ಹೋದಾಗ ನಾನು ಸೀಮೆಎಣ್ಣೆ ಬುಡ್ಡಿಯ ಮುಂದೆ
ನೋಟ್‌ಬುಕ್ಕು ತೆರೆಯುವೆ.

ಲಾಮಾರಾ ಟೀಚರ್ ಕೊಟ್ಟಿದ್ದು ಒಂದೇ ಒಂದು ಸಮೀಕರಣ.
ಪೊಟ್ಯಾಸಿಯಂ ಪರ್ಮ್ಯಾಂಗನೇಟಿಗೆ
ಹೈಡ್ರೋಕ್ಲೋರಿಕ್ ಆಮ್ಲ ಸುರಿದರೆ
ಎರಡು ಬಗೆಯ ಲವಣ, ನೀರು, ಮತ್ತೆ
ಗಂಟಲು ಹಿಡಿಯುವ ಆ ಹಸಿರುಹಳದಿ ಅನಿಲ.
'ಸರಿದೂಗಿಸಿ ತನ್ನಿ,' ಅಂದಿದ್ದರು,
'ಊಹೆ ಬೇಡ. ಎಣಿಸಿ.'

ಎಣಿಸಿದೆ.
ಆಮ್ಲಜನಕ ನಾಲ್ಕು, ಹಾಗಾದರೆ ನೀರು ನಾಲ್ಕು.
ನೀರು ನಾಲ್ಕಾದರೆ ಜಲಜನಕ ಎಂಟು,
ಆಮ್ಲ ಎಂಟು, ಕ್ಲೋರಿನ್ನೂ ಎಂಟು.
ಒಂದರ ಕೈಯನ್ನು ಪೊಟ್ಯಾಸಿಯಂ ಹಿಡಿಯಿತು,
ಎರಡನ್ನು ಮ್ಯಾಂಗನೀಸ್ ಇಟ್ಟುಕೊಂಡಿತು.
ಉಳಿದದ್ದು ಐದು.
ಐದನ್ನೂ ಜೋಡಿ ಮಾಡಿ ಹೊರಗೆ ಕಳಿಸಬೇಕು;
ಆ ಅನಿಲ ಒಂಟಿಯಾಗಿ ಹೊಸ್ತಿಲು ದಾಟುವುದಿಲ್ಲ.
ಎರಡೂವರೆ ಜೋಡಿ.
ರಬ್ಬರಿನಲ್ಲಿ ಉಜ್ಜಿದೆ. ಮತ್ತೆ ಎರಡೂವರೆ.
ಕಾಗದ ತೂತು ಬೀಳುವವರೆಗೆ
ಎರಡೂವರೆ.

ಅಷ್ಟು ಹೊತ್ತೂ ಅಪ್ಪ
ಕ್ವಿರಿಲಾ ನದಿಯ ಮೇಲೆ ನೇತಾಡುತ್ತಿದ್ದ.
ಗಣಿಯ ಪಾಳಿ ಮುಗಿಸಿ ಹತ್ತಿದ ಕೇಬಲ್ ಕಾರು
ಕರೆಂಟು ಹೋದ ಜಾಗದಲ್ಲೇ ನಿಂತಿತ್ತು,
ಅತ್ತ ಗುಡ್ಡವೂ ಅಲ್ಲ, ಇತ್ತ ಊರೂ ಅಲ್ಲ.
ಕಿಟಕಿಯಿಂದ ಕಾಣುತ್ತಿದ್ದದ್ದು
ಒಂದು ಸಿಗರೇಟಿನ ತುದಿ, ಅದೂ ಆಗಾಗ.
ಅದು ಕೆಂಪಾದಾಗಲೆಲ್ಲ ಅಜ್ಜಿ ಉಸಿರು ಬಿಡುವಳು.
ನನ್ನ ಹಾಳೆಯ ಮೇಲೆ ಎಡದಿಂದ ಬಲಕ್ಕೆ
ನಾನೇ ಎಳೆದಿದ್ದ ಬಾಣ;
ಅದನ್ನು ನೋಡಲು ಮನಸ್ಸಾಗಲಿಲ್ಲ.

'ಅಜ್ಜಿ, ಅರ್ಧ ರೊಟ್ಟಿ ಮಾತ್ರ ಇದ್ದರೆ ಏನು ಮಾಡ್ತೀಯ?'
'ಇನ್ನರ್ಧ ಇರೋರ ಬಾಗಿಲು ತಟ್ತೀನಿ.'

ತಟ್ಟಿದೆ.
ಎಲ್ಲವನ್ನೂ ಇಮ್ಮಡಿ ಮಾಡಿದೆ.
ಎರಡು, ಹದಿನಾರು. ಬಾಣ.
ಎರಡು, ಎರಡು, ಐದು, ಎಂಟು.
ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೆರಳು ಮಡಚಿ ನೋಡಿದೆ,
ಒಂದು ಕಣವೂ ಕಳೆದಿರಲಿಲ್ಲ.
ಹದಿನಾರರಲ್ಲಿ ಹತ್ತು ಹೊರಟುಹೋದವು,
ಆರು ಇಲ್ಲೇ ಉಪ್ಪಾಗಿ ಕೂತವು.
ಅದೇ ಸೀಸೆಯ ಅದೇ ಆಮ್ಲ;
ಯಾವುದು ಹೋಗುವುದು, ಯಾವುದು ಉಳಿಯುವುದು,
ಮೊದಲೇ ಗುರುತಿರುವುದಿಲ್ಲ.
ನಮ್ಮ ತರಗತಿಗೂ ಈ ಲೆಕ್ಕ ಹಚ್ಚಿ ನೋಡಿದೆ.
ಆದರೆ ನಾವು ಹತ್ತೊಂಬತ್ತು ಮಂದಿ ಇದ್ದೆವು,
ಹೊಂದಲಿಲ್ಲ.

ಅಪ್ಪ ಬಂದಾಗ ನಡುರಾತ್ರಿ.
ಹಗ್ಗ ಹಿಡಿದು ಇಳಿಸಿದ್ದರಂತೆ, ಅಂಗೈ ಸುಲಿದಿತ್ತು,
ಸುಲಿದದ್ದರ ಸುತ್ತ ಅದಿರಿನ ಕಪ್ಪು.
ಅಜ್ಜಿ ಬೋಗುಣಿಗೆ ನೀರು ಹೊಯ್ದು
ಬೆಂಕಿಪೊಟ್ಟಣದಿಂದ ನಾಲ್ಕು ಹರಳು ಹಾಕಿದಳು.
ನೇರಳೆ ಎಳೆಎಳೆಯಾಗಿ ಕೆಳಗಿಳಿಯಿತು.
'ಇದೇ ಅದು!' ಎಂದು ಕೂಗಿಕೊಂಡೆ.
'ಯಾವುದು?' ಅಂದ ಅಪ್ಪ, ಕೈ ಅದ್ದಿ, ಹಲ್ಲು ಕಚ್ಚಿ.

ನನ್ನ ಹಾಳೆಯನ್ನು ದೀಪಕ್ಕೆ ಹಿಡಿದು
ಫೋನ್ ನಂಬರಿನಂತೆ ಓದಿದ.
'ಈ ಕಡೆ ಇದ್ದಷ್ಟೇ ಆ ಕಡೆ?'
'ಅಷ್ಟೇ.'
'ಎಣಿಸಿದೆಯಾ?'
'ಎರಡು ಸಲ.'
'ನಾವೂ ಏಳು ಜನ ಹತ್ತಿದೆವು, ಏಳೂ ಜನ ಇಳಿದೆವು,'
ಅಂದ, ಆಮೇಲೆ ಬಹಳ ಹೊತ್ತು ಬಿಟ್ಟು,
'ಓತಿಯಾ ಇನ್ನು ಹತ್ತುವುದಿಲ್ಲ. ಇಳಿದವನೇ
ರಸ್ತೆಯ ಮೇಲೆ ಕೂತು ಬೂಟು ಬಿಚ್ಚಿ
ನೆಲ ಮುಟ್ಟಿ ನೋಡುತ್ತಿದ್ದ.'

ಮರುದಿನ ಟೀಚರ್ ಕೆಂಪು ಶಾಯಿಯಲ್ಲಿ 'ಸರಿ' ಎಂದು ಬರೆದು
ಅರ್ಧ ಅಂಕ ಕಳೆದರು.
ಅನಿಲದ ಪಕ್ಕದಲ್ಲಿ ಮೇಲ್ಮುಖದ ಬಾಣ
ಹಾಕಿರಲಿಲ್ಲ ನಾನು.
'ಹೊರಟುಹೋಗುವುದಕ್ಕೆ ಗುರುತು ಹಾಕಬೇಕು ಮಾಕ್ವಾಲಾ,
ಇಲ್ಲದಿದ್ದರೆ ಆಮೇಲೆ ಬಂದು ಓದುವವರು
ಇಲ್ಲೇ ಎಲ್ಲೋ ಇದೆ ಅಂದುಕೊಳ್ಳುತ್ತಾರೆ.'

ಹಿಮ ಕರಗಿದ ಮೇಲೆ
ಓತಿಯಾನ ಮನೆಬಾಗಿಲಿಗೆ ಅಡ್ಡ ಹಲಗೆ ಬಡಿದಿದ್ದರು.
ಶಾಲೆಯಿಂದ ಬರುತ್ತಿದ್ದೆ,
ಜೇಬಿನಲ್ಲಿ ಒಂದು ತುಂಡು ಸೀಮೆಸುಣ್ಣವಿತ್ತು.